ಕುಟುಂಬ ಯೋಜನೆ ಬಗ್ಗೆ ಹೆಂಗಸರು ಮನೇಲಿ ತಾವೇ ಓದ್ಕೊಳೋ ಥರ ಪುಸ್ತಕ ಮಾಡ್ಬೇಕು, ಏನ್ ಹಾಕೋದು ಏನ್ ಬಿಡೋದು?

ಒಕ್ಕೂಟದ_ಲೆಕ್ಕದವಳು:

ಎಲ್ರಿಗೂ ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪಂಚಾಯ್ತಿಲಿ ಸಂಜೀವಿನಿ ಮಹಿಳಾ ಸಂಘಗಳ ಒಕ್ಕೂಟದ ಜೊತೆ ಕೆಲಸ ಮಾಡ್ತೀನಿ. ಲೆಕ್ಕ ಬರೆಯೋದು, ಸಾಲದ ಫಾರಂ ತುಂಬೋದು, ಅದೇ ಮುಖ್ಯ ಕೆಲಸ. ಆದ್ರೆ ಮೀಟಿಂಗ್ ಮುಗಿದು ಎಲ್ಲಾ ಎದ್ದು ಹೋದ್ಮೇಲೆ ಒಬ್ರೋ ಇಬ್ರೋ ಹಿಂದೆ ಉಳ್ಕೊಂಡು ಮೆಲ್ಲಗೆ ಕೇಳೋದು ಸಾಲದ ವಿಷಯ ಅಲ್ಲ. ಮಗೂಗೆ ಇನ್ನೂ ಎಂಟು ತಿಂಗಳು ಅಕ್ಕಾ, ಈಗ್ಲೇ ಇನ್ನೊಂದು ಬೇಡ, ಏನ್ ಮಾಡ್ಲಿ ಅಂತ. ಆಶಾ ಕಾರ್ಯಕರ್ತೆನ ಕೇಳ್ಬಹುದಲ್ಲ ಅಂದ್ರೆ, ಅವ್ರು ನಮ್ ಅತ್ತೆಗೆ ತಂಗಿ ಆಗ್ಬೇಕು ಅಂತಾರೆ. ಹಿಂಗೆ ಊರಲ್ಲಿ ಎಲ್ಲರೂ ಎಲ್ಲರಿಗೂ ಏನೋ ಒಂದು ಆಗಿರ್ತಾರೆ.

ಅದಕ್ಕೆ ಮನೇಲಿ ಒಬ್ರೇ ಕೂತ್ಕೊಂಡು ಓದ್ಕೊಂಡು ಅರ್ಥ ಮಾಡ್ಕೊಳೋ ಥರ ಒಂದು ಸಣ್ಣ ಪುಸ್ತಕ ಮಾಡೋಣ ಅಂತ ನಾವು ಮೂರ್ನಾಲ್ಕು ಜನ ಮಾತಾಡ್ಕೊಂಡಿದೀವಿ. ಕರಡು ಒಂದು ರೆಡಿ ಇದೆ. ಮಾಲಾ-ಎನ್ (ದಿನಾ ನುಂಗೋ ಮಾತ್ರೆ), ಛಾಯಾ (ವಾರದ ಲೆಕ್ಕದ ಮಾತ್ರೆ), ಅಂತರಾ ಇಂಜೆಕ್ಷನ್, ವಂಕಿ (ಗರ್ಭಕೋಶದೊಳಗೆ ಹಾಕೋ ಕಾಪರ್-ಟಿ), ನಿರೋಧ್ (ಕಾಂಡೋಮ್), ಆಪರೇಷನ್, ಒಂದೊಂದಕ್ಕೆ ಒಂದೊಂದು ಪುಟ, ಲಾಭ ಇಷ್ಟು ತೊಂದ್ರೆ ಇಷ್ಟು ಅಂತ. ಕೆಲವ್ರಿಗೆ ಕೊಟ್ಟು ನೋಡಿದ್ವಿ, ಎಲ್ರೂ ಚೆನ್ನಾಗಿದೆ ಅಂದ್ರು. ಆದ್ರೆ ಏನ್ ಅರ್ಥ ಆಯ್ತು ಅಂತ ಕೇಳಿದ್ರೆ ನಗ್ತಾರೆ ಅಷ್ಟೆ. ಎಸ್ಸೆಸ್ಸೆಲ್ಸಿ ಓದಿರೋರೂ ಹಂಗೇ. ಚಿತ್ರ ಜಾಸ್ತಿ ಹಾಕ್ಬೇಕಾ, ಆಡಿಯೋ ಮಾಡ್ಬೇಕಾ, ಮನೇಲಿ ಅತ್ತೆ ಮಾವನ ಕಣ್ಣಿಗೆ ಬಿದ್ರೆ ಏನ್ ಕಥೆ? ಈ ಥರ ಕೆಲಸ ಮಾಡಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಮಲ್ನಾಡ್_ಸಿಸ್ಟರ್:

ನಾನು ಸಬ್‌ಸೆಂಟರ್‌ಲಿ ಕೆಲಸ ಮಾಡಿದೋಳು. ಮೊದ್ಲು ನಮ್ಮನ್ನ ಎಎನ್ಎಂ ಅಂತಿದ್ರು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ದೊಡ್ಡ ಹೆಸರು ಕೊಟ್ಟಿದಾರೆ, ಊರವ್ರಿಗೆ ಮಾತ್ರ ಈಗ್ಲೂ ಸಿಸ್ಟರೇ.

ನಿಮ್ಮ ಪುಸ್ತಕ ವಿಧಾನದಿಂದ ಶುರುವಾಗ್ತಿದೆ, ಹೆಂಗಸ್ರು ಹಂಗೆ ಯೋಚ್ನೆ ಮಾಡಲ್ಲ. ಯಾರೂ ಬಂದು ಸಿಸ್ಟರ್ ನಂಗೆ ಎಲ್ಲಾ ವಿಧಾನ ವಿವರಿಸಿ ಅನ್ನಲ್ಲ. ಅವ್ರು ಕೇಳೋದು, ಮೊನ್ನೆ ಮಾತ್ರೆ ಮರ್ತೋಯ್ತು ಈಗೇನು, ಇಂಜೆಕ್ಷನ್ ಹಾಕಿಸ್ಕೊಂಡ್ಮೇಲೆ ಮುಟ್ಟೇ ಆಗಿಲ್ಲ ಹೊಟ್ಟೇಲಿ ಕೆಟ್ಟ ರಕ್ತ ಉಳ್ಕೊಳುತ್ತಾ, ವಂಕಿ ಮೇಲೆ ಹೋಗಿ ಎದೆಗೆ ಸಿಕ್ಕಾಕೊಳುತ್ತಂತೆ ನಿಜನಾ. ಮಾತ್ರೆ ಶುರು ಮಾಡೋ ದಿನ ಅವ್ರಿಗೆ ಪುಸ್ತಕ ಬೇಕಿಲ್ಲ, ಅವತ್ತು ನಾವು ಹೇಳೇ ಕೊಟ್ಟಿರ್ತೀವಿ. ಪುಸ್ತಕ ಬೇಕಾಗೋದು ಆಮೇಲೆ ಎರಡನೇ ತಿಂಗಳಲ್ಲಿ, ರಾತ್ರಿ ಹೊತ್ತು ಹೆದ್ರಿಕೆ ಆದಾಗ, ಕೇಳೋಕೆ ಯಾರೂ ಇಲ್ದೇ ಇದ್ದಾಗ. ಬಿಟ್ಟು ಬಿಡೋದೂ ಅವಾಗ್ಲೇ. ಅದಕ್ಕೆ ಪ್ರತಿ ಪುಟದ ತಲೇಲಿ ಅವ್ರು ಕೇಳೋ ಪ್ರಶ್ನೆನೇ ಹಾಕಿ, ಅವ್ರ ಬಾಯಿ ಮಾತಲ್ಲೇ, ಕೆಳಗೆ ಉತ್ತರ.

ಅಂತರಾ ಪುಟ ಹಿಂಗಿರ್ಲಿ: ಮುಟ್ಟು ನಿಲ್ಲಬಹುದು, ಇಲ್ಲ ಮಧ್ಯೆ ಮಧ್ಯೆ ಸ್ವಲ್ಪ ಸ್ವಲ್ಪ ಕಾಣಿಸ್ಕೋಬಹುದು, ಒಳಗೆ ರಕ್ತ ತುಂಬ್ಕೊಳಲ್ಲ, ಗರ್ಭಕೋಶದ ಒಳಪದರ ತೆಳ್ಳಗಾಗಿರುತ್ತೆ, ಹೊರಗೆ ಬರೋಕೆ ಅಲ್ಲಿ ಏನೂ ಇರಲ್ಲ. ಮೂರು ತಿಂಗಳಿಗೊಂದು ಡೋಸು. ಚುಚ್ಚಿದ ಜಾಗ ಉಜ್ಜಬಾರದು, ಶಾಖ ಕೊಡಬಾರದು, ಇದನ್ನ ದಪ್ಪ ಅಕ್ಷರದಲ್ಲಿ ಹಾಕಿ ಯಾಕಂದ್ರೆ ನಮ್ ಕಡೆ ಸೂಜಿ ಹಾಕಿಸ್ಕೊಂಡ್ರೆ ಮನೆಗೆ ಹೋಗಿ ಬಿಸಿನೀರಿನ ಬಟ್ಟೆ ಇಡೋದು ಅಭ್ಯಾಸ. ಇನ್ನೊಂದು ಬಹಳ ಮುಖ್ಯ. ಇಂಜೆಕ್ಷನ್ ನಿಲ್ಲಿಸಿದ ತಕ್ಷಣ ಬಸ್ರಿ ಆಗಲ್ಲ, ಕೊನೇ ಡೋಸ್ ಆದ್ಮೇಲೆ ಏಳರಿಂದ ಹತ್ತು ತಿಂಗಳು ಹಿಡೀಬಹುದು. ಇದನ್ನ ಮೊದ್ಲೇ ಹೇಳಿಲ್ಲ ಅಂದ್ರೆ ಆರನೇ ತಿಂಗಳಿಗೆ ಮನೇಲಿ ಇವ್ಳಿಗೆ ಸೂಜಿಯಿಂದ ಬಂಜೆತನ ಬಂತು ಅಂತ ಶುರುವಾಗುತ್ತೆ, ಆಮೇಲೆ ಇಡೀ ಬೀದಿಲಿ ಒಬ್ರೂ ಅಂತರಾ ಹಾಕಿಸ್ಕೊಳಲ್ಲ. ವಂಕಿಗೆ ಹಂಗಿಲ್ಲ, ತೆಗೆಸಿದ್ರೆ ಮುಂದಿನ ತಿಂಗಳೇ ಆಗ್ಬಹುದು.

ಛಾಯಾ ವಿಷ್ಯದಲ್ಲಿ ಓದೋದಕ್ಕಿಂತ ದಿನ ಗುರುತು ಹಾಕೋ ಹಾಳೆ ಕೊಡೋದು ವಾಸಿ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮುಟ್ಟಿನ ಮೊದಲನೇ ದಿನ ಭಾನುವಾರ ಆಗಿದ್ರೆ ಭಾನುವಾರ-ಬುಧವಾರ, ಸೋಮವಾರ ಆಗಿದ್ರೆ ಸೋಮವಾರ-ಗುರುವಾರ, ಮೂರು ತಿಂಗಳಾದ್ಮೇಲೆ ಬರೀ ಆ ಮೊದಲನೇ ವಾರದ ದಿನ. ಈ ಎರಡರಿಂದ ಒಂದಕ್ಕೆ ಬರೋ ಜಾಗದಲ್ಲೇ ಎಲ್ರೂ ಎಡವೋದು. ಕೆಲವ್ರು ಶುರುವಿಂದ್ಲೇ ಒಂದು, ಕೆಲವ್ರು ಮಾಲಾ-ಎನ್ ಥರ ದಿನಾ ಒಂದು ನುಂಗ್ತಾರೆ. ಮರೆತ್ರೆ ನೆನಪಾದ ತಕ್ಷಣ ತಗೋಬೇಕು, ಮುಂದಿನ ಮುಟ್ಟಿನವರೆಗೆ ನಿರೋಧ್ ಕೂಡ ಬಳಸ್ಬೇಕು, ಏಳು ದಿನ ದಾಟಿದ್ರೆ ಮತ್ತೆ ಹೊಸದಾಗಿ ವಾರಕ್ಕೆ ಎರಡರಿಂದ ಶುರು. ಮುಟ್ಟು ಹದಿನೈದು ದಿನಕ್ಕಿಂತ ಲೇಟ್ ಆದ್ರೆ ಟೆಸ್ಟ್ ಮಾಡಿಸ್ಬೇಕು.

ಚಿತ್ರದ ಬಗ್ಗೆ ಒಂದು ಮಾತು. ಗರ್ಭಕೋಶ ಒಂದನ್ನೇ ಕತ್ತರಿಸಿಟ್ಟ ಹಾಗೆ ಬರೆದಿರೋ ಚಾರ್ಟ್ ತೋರ್ಸಿದ್ರೆ ಒಬ್ಬ ಅಜ್ಜಿ ಇದ್ಯಾಕವ್ವಾ ಟಗರಿನ ತಲೆ ಬರ್ದೀರಿ ಅಂದಿದ್ರು. ನಿಜಾನೇ ಅಲ್ವಾ, ಎರಡು ಕಡೆ ಕೊಂಬು ಬೇರೆ. ಪೂರ್ತಿ ಹೆಂಗಸಿನ ಚಿತ್ರ ಬರೆದು, ಸೀರೆ ಉಟ್ಟಿರ್ಲಿ ಪರ್ವಾಗಿಲ್ಲ, ಅದರೊಳಗೆ ಗರ್ಭಕೋಶ ಎಲ್ಲಿರುತ್ತೆ ಎಷ್ಟು ದೊಡ್ಡದಿರುತ್ತೆ ಅಂತ ತೋರ್ಸಿ. ವಂಕಿ ಎದೆಗೆ ಹೋಗೋಕೆ ದಾರಿ ಇಲ್ಲ ಅಂತ ಅವಾಗ ಅವ್ರೇ ಹೇಳ್ತಾರೆ.

ಸುಮ್ನೆ_ಓದುಗ:

ಇದಕ್ಕೆಲ್ಲಾ ಪುಸ್ತಕ ಯಾಕೆ ಮೇಡಂ, ಈಗ ಎಲ್ಲರ ಕೈಲೂ ಮೊಬೈಲ್ ಇದೆ, ಯೂಟ್ಯೂಬಲ್ಲಿ ಬೇಕಾದಷ್ಟು ವಿಡಿಯೋ ಇದೆ. ಸರ್ಕಾರ ಆಶಾ ಇಟ್ಟಿದೆ, ಆಸ್ಪತ್ರೆ ಇದೆ. ಕರ್ನಾಟಕದಲ್ಲಿ ಜನ ಈಗಾಗ್ಲೇ ಎರಡಕ್ಕೆ ನಿಲ್ಲಿಸ್ತಿದಾರಲ್ಲ.

ತುಂಗಭದ್ರಾ_ದಂಡಿ:

ಮ್ಯಾಲಿನವ್ರಿಗೆ ಮೊದಲು ಹೇಳತೀನಿ. ಎರಡಕ್ಕ ನಿಲ್ಲಸ್ತಾರ, ಖರೆ. ಹೆಂಗ ನಿಲ್ಲಸ್ತಾರ ಅಂತ ನೋಡ್ರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇ (ಎನ್ಎಫ್ಎಚ್ಎಸ್) ಪ್ರಕಾರ ಕರ್ನಾಟಕದಾಗ ಮದುವಿ ಆದ ಹೆಣ್ಮಕ್ಕಳೊಳಗ 57.4 ಪರ್ಸೆಂಟ್ ಆಪರೇಷನ್ ಮಾಡಿಸ್ಕೊಂಡಾರ, ದೇಶದ ಲೆಕ್ಕ 37.9. ಎಲ್ಲಾ ಆಧುನಿಕ ವಿಧಾನ ಕೂಡಿಸಿದ್ರ ನಮ್ಮ ರಾಜ್ಯದ್ದು 68 ಚಿಲ್ಲರ. ಅಂದ್ರ ಮಾತ್ರಿ, ವಂಕಿ, ಇಂಜೆಕ್ಷನ್, ನಿರೋಧ್ ಎಲ್ಲಾ ಸೇರಿ ಹತ್ತು-ಹನ್ನೊಂದರ ಮ್ಯಾಲ ಇಲ್ಲ. ಹದಿನೆಂಟಕ್ಕ ಮದುವಿ, ವರ್ಷದಾಗ ಒಂದು, ಅದು ನಡಿಯೂದ್ರಾಗ ಇನ್ನೊಂದು, ಆಮ್ಯಾಲ ಆಪರೇಷನ್. ನಡುವಿನ ಅಂತರದ ಬಗ್ಗೆ ಆಕಿಗೆ ಯಾರೂ ಏನೂ ಹೇಳಿರಂಗಿಲ್ಲ. ಆಪರೇಷನ್ ಬಗ್ಗೆ ಕಲಿಸಾಕ ಪುಸ್ತಕ ಬ್ಯಾಡ, ಅದು ಎಲ್ಲಾರಿಗೂ ಗೊತ್ತೈತಿ. ಮೊದಲನೇ ಕೂಸಿಗೂ ಎರಡನೇದಕ್ಕೂ ನಡುವಿನ ಮೂರು ವರ್ಷಕ್ಕ ಬೇಕು ಪುಸ್ತಕ.

ಇನ್ನ ಮೊಬೈಲ್ ಯಾರ ಕೈಯಾಗ ಇರತೈತ್ರಿ? ನಾನು ಕೊಪ್ಪಳ-ರಾಯಚೂರು ಭಾಗದಾಗ ಅಡ್ಡಾಡ್ತೀನಿ, ಗಂಡನ ಕಿಸೆದಾಗ ಇರತೈತಿ. ಆಕಿ ಯೂಟ್ಯೂಬ್ ನೋಡಿದ್ರ ಮುಂದ ಆತನಿಗೆ ಅವೇ ವಿಡಿಯೋ ತೋರಸ್ತೈತಿ ಅದು. ಅದಲ್ಲದ ಆ ವಿಡಿಯೋದಾಗ ಅರ್ಧಕ್ಕ ಅರ್ಧ ಪಪ್ಪಾಯಿ ತಿನ್ರಿ ಎಳ್ಳು ತಿನ್ರಿ ಅನ್ನೂವಂಥವು.

ಅಕ್ಕಾರ, ನಿಮ್ಮ ಪ್ರಶ್ನೆಕ್ಕ ಬರತೀನಿ. ನಮ್ಮ ಕಡಿ ಓದಾಕ ಬರೂವರು ಕಡಿಮಿ, ಅದಕ್ಕ ಆಡಿಯೋನೇ ದಾರಿ. ಆದ್ರ ಹದಿನೈದು ನಿಮಿಷದ ಭಾಷಣ ಬ್ಯಾಡ. ಒಂದು ಪ್ರಶ್ನೆ ಒಂದು ಉತ್ತರ, ಎರಡು ನಿಮಿಷದೊಳಗ ಮುಗೀಬೇಕು. ರೇಡಿಯೋ ಕನ್ನಡ ಬ್ಯಾಡ, ಆ ಊರಿನ ಹೆಣ್ಮಗಳ ದನಿ ಇರಲಿ, ಒಬ್ಬಾಕಿ ಕೇಳೂದು ಒಬ್ಬಾಕಿ ಹೇಳೂದು. ವಾಟ್ಸಾಪ್‌ನಾಗ ಕಳಸಬ್ಯಾಡ್ರಿ, ಸ್ಪೀಕರಿಗೆ ಹಾಕುವಂಥಾ ಪೆನ್‌ಡ್ರೈವ್‌ನಾಗ ತುಂಬಿ ಸಂಘದ ಮುಖ್ಯಸ್ಥಿ ಕಡಿ ಇಡ್ರಿ, ಸೀರಿಗೆ ಕುಚ್ಚು ಕಟ್ಟೂವಾಗ ಬೀಡಿ ಸುತ್ತೂವಾಗ ನಾಕು ಮಂದಿ ಕೂತು ಕೇಳ್ತಾರ, ನಗ್ತಾರ, ಆ ನಗಿಯೊಳಗ ಒಬ್ಬಾಕಿ ಖರೇ ಪ್ರಶ್ನೆ ಕೇಳ್ತಾಳ. ಬಿಹಾರ, ಮಧ್ಯಪ್ರದೇಶದ ಕಡಿ ಕಿಲ್ಕಾರಿ ಅಂತ ಸರ್ಕಾರದ್ದೇ ಒಂದು ಐತಿ, ಬಸರಿ ಇದ್ದಾಗ ನಾಕನೇ ತಿಂಗಳಿಂದ ಕೂಸಿಗೆ ವರ್ಷ ಆಗೂತನಕ ವಾರಕ್ಕೊಂದು ಫೋನ್ ಬಂದು ರೆಕಾರ್ಡ್ ಮಾಡಿದ ಮಾತು ಕೇಳಸ್ತೈತಿ. ಅದರಾಗ ನನಗ ಹಿಡಿಸಿದ್ದು ಏನಂದ್ರ, ಆ ತಿಂಗಳಿಗೆ ಏನು ಬೇಕೋ ಅದನ್ನ ಅಷ್ಟ ಹೇಳ್ತಾರ, ಎಲ್ಲಾ ಒಮ್ಮೆಲೆ ತಲಿಗೆ ತುಂಬಂಗಿಲ್ಲ.

ಇನ್ನೊಂದು, ಗುಳೆ. ಸುಗ್ಗಿ ಮುಗಿದ ಮ್ಯಾಲ ಬೆಂಗಳೂರಿಗೆ ಕಟ್ಟಡ ಕೆಲಸಕ್ಕ ಹೋಗೂವರು ಅಂತರಾದ ಎರಡನೇ ಡೋಸ್ ಊರಾಗ ಇರಂಗಿಲ್ಲ ಅಂತ ಬಿಟ್ಟುಬಿಡ್ತಾರ. ಡೇಟಿಗಿಂತ ಎರಡು ವಾರ ಮೊದಲೂ ಹಾಕಿಸಬಹುದು, ನಾಕು ವಾರ ತಡಾ ಆದ್ರೂ ನಡೀತೈತಿ, ಆ ಕಾರ್ಡ್ ತಗೊಂಡು ಹೋದ್ರ ಅಲ್ಲಿಯ ಸರ್ಕಾರಿ ಆಸ್ಪತ್ರೆಯಾಗೂ ಹಾಕ್ತಾರ. ಈ ಮಾತು ಯಾವ ಚಾರ್ಟಿನಾಗೂ ನಾ ನೋಡಿಲ್ಲ. ನಿಮ್ಮ ಪುಸ್ತಕದಾಗ ಇರಲಿ.

ತಾಲ್ಲೂಕ್_ಡಾಕ್ಟ್ರು:

ಸಿಸ್ಟರ್ ಹೇಳಿದ್ದಕ್ಕೆ ನನ್ನ ಓಟು. ನಾನು ಸೇರಿಸೋದು ಅಪಾಯದ ವಿಷಯ ಮಾತ್ರ, ತಾವೇ ಓದ್ಕೊಂಡು ತಾವೇ ನಿರ್ಧಾರ ಮಾಡೋ ಪುಸ್ತಕ ಅಂದ್ಮೇಲೆ ಇದು ಇಲ್ದೇ ಅಚ್ಚು ಹಾಕ್ಬೇಡಿ.

ಮಾಲಾ-ಎನ್ ಎಲ್ರಿಗೂ ಅಲ್ಲ. ಮಗು ಆರು ತಿಂಗಳಿನ ಒಳಗಿದ್ದು ಹಾಲು ಕುಡೀತಿದ್ರೆ ಬೇಡ, ಬಿಪಿ ಇದ್ರೆ ಬೇಡ, ಲಿವರ್ ತೊಂದ್ರೆ ಅಥವಾ ಕಾಮಾಲೆ ಇದ್ರೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇದ್ರೆ, ಕಣ್ಮುಂದೆ ಮಿಂಚು ಹೊಡೆದ ಹಾಗಾಗಿ ಬರೋ ಅರೆತಲೆನೋವು ಇದ್ರೆ ಬೇಡ. ಹಾಲೂಡಿಸೋರಿಗೆ ಛಾಯಾ ಆಗುತ್ತೆ, ಅದರಲ್ಲಿ ಹಾರ್ಮೋನ್ ಇಲ್ಲ. ಅಂತರಾ ಆದ್ರೆ ಹೆರಿಗೆಯಾಗಿ ಆರು ವಾರ ಕಳೀಬೇಕು. ಹಾಲೂಡಿಸ್ತಾ ಇದ್ರೆ ಬಸ್ರಿ ಆಗಲ್ಲ ಅನ್ನೋ ನಂಬಿಕೆ ಎಲ್ಲಾ ಕಡೆ ಇದೆ, ಅದು ಪೂರ್ತಿ ಸುಳ್ಳಲ್ಲ, ಆದ್ರೆ ಮೂರೂ ಷರತ್ತು ಒಟ್ಟಿಗೆ ಇರ್ಬೇಕು: ಮಗೂಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲು ಬಿಟ್ಟು ನೀರೂ ಕೊಡ್ತಿರಬಾರದು, ಮುಟ್ಟು ವಾಪಸ್ ಬಂದಿರಬಾರದು. ಒಂದು ತಪ್ಪಿದ್ರೂ ಭರವಸೆ ಇಲ್ಲ. ನಿಮ್ಮ ಎಂಟು ತಿಂಗಳ ಮಗೂನ ತಾಯಿಗೆ ಇದು ಆಗ್ಲೇ ಮುಗಿದ ಕಥೆ.

ಮೆಡಿಕಲ್ ಶಾಪ್ ಬಗ್ಗೆ ಒಂದು ಪೂರ್ತಿ ಪುಟ ಇರ್ಲಿ. ಎರಡು ಬೇರೆ ಬೇರೆ ಮಾತ್ರೆನ ಜನ ಒಂದೇ ಅಂದ್ಕೊಂಡಿದಾರೆ. ತುರ್ತು ಮಾತ್ರೆ, ಸರ್ಕಾರದ್ದು ಈಜಿ ಪಿಲ್, ಅದು ಗಂಡು ಹೆಣ್ಣು ಸೇರಿದ ಮೇಲೆ 72 ಗಂಟೆ ಒಳಗೆ ತಗೊಳೋದು, ಬೇಗ ತಗೊಂಡಷ್ಟು ಒಳ್ಳೇದು, ಗರ್ಭ ನಿಂತಿದ್ರೆ ಅದನ್ನ ತೆಗೆಯಲ್ಲ. ಗರ್ಭಪಾತದ ಕಿಟ್ ಬೇರೆ, ಅದನ್ನ ವೈದ್ಯರ ಸಲಹೆ ಇಲ್ದೇ ಅಂಗಡಿಯಿಂದ ತಂದು ನುಂಗಿ, ವಾರಗಟ್ಟಲೆ ರಕ್ತ ಹೋಗಿ ಬಿಳಿಚ್ಕೊಂಡು ನಮ್ಮ ಹತ್ರ ಬರೋರು ಇದಾರೆ. ಗರ್ಭ ಟ್ಯೂಬಲ್ಲಿ ನಿಂತಿದ್ರೆ ಆ ಮಾತ್ರೆ ಅದಕ್ಕೆ ಕೆಲಸ ಮಾಡಲ್ಲ, ಜೀವಕ್ಕೇ ಅಪಾಯ. ಗರ್ಭಪಾತಕ್ಕೆ ಅಂತ 1971ರ ಕಾಯ್ದೆ ಇದೆ, 2021ರಲ್ಲಿ ತಿದ್ದುಪಡಿನೂ ಆಗಿದೆ, ಗರ್ಭನಿರೋಧಕ ವಿಫಲವಾಗಿ ಗರ್ಭ ನಿಂತ್ರೆ 20 ವಾರದೊಳಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, ಮದುವೆ ಆಗಿರಲೇಬೇಕು ಅಂತಿಲ್ಲ. ವಯಸ್ಸಿಗೆ ಬಂದ ಹೆಂಗಸಿಗೆ ಗಂಡನ ಸಹಿ ಬೇಕಿಲ್ಲ ಅನ್ನೋದನ್ನೂ ಬರೀರಿ, ಇದು ಗೊತ್ತಿಲ್ದೇ ಕದ್ದು ಕಿಟ್ ತರೋರೇ ಜಾಸ್ತಿ.

ಹೆರಿಗೆ ವಾರ್ಡಿನ ವಿಷ್ಯನೂ ಹೇಳ್ಬೇಕು, ನಮ್ಮವ್ರಿಗೇ ಬೇಜಾರಾಗ್ಬಹುದು. ಹೆರಿಗೆ ಆದ 48 ಗಂಟೆ ಒಳಗೆ ವಂಕಿ ಹಾಕೋಕೆ ಬರುತ್ತೆ, ಒಳ್ಳೇ ವಿಧಾನ, 380ಎ ಅನ್ನೋ ಥರದ ವಂಕಿ ಆದ್ರೆ ಹತ್ತು ವರ್ಷ, 375 ಅನ್ನೋದಾದ್ರೆ ಐದು ವರ್ಷ ನಡೆಯುತ್ತೆ. ಆದ್ರೆ ನೋವಲ್ಲಿ ಇರೋಳ ಹತ್ರ ಹೂಂ ಅನ್ನಿಸ್ಕೊಂಡು ಹಾಕಿ, ಅವ್ಳಿಗೆ ಹಾಕಿರೋದೇ ಗೊತ್ತಿಲ್ದೇ ಮನೆಗೆ ಹೋಗೋ ಪ್ರಕರಣಗಳು ಇವೆ. ಬಸುರಿಯರಿಗೆ ಏಳನೇ ತಿಂಗಳಲ್ಲೇ ಈ ಪುಟ ಓದೋಕೆ ಸಿಗ್ಲಿ. ಬೇಕು ಅಂದ್ರೆ ತಾಯಿ ಕಾರ್ಡಲ್ಲಿ ಬರೆಸ್ಕೊಳ್ಳಿ, ಬೇಡ ಅಂದ್ರೆ ಬೇಡ ಅಂತ ಮೊದ್ಲೇ ಹೇಳಿ, ಡಿಸ್ಚಾರ್ಜ್ ಆಗೋವಾಗ ಏನೇನು ಮಾಡಿದೀರಿ ಅಂತ ಕೇಳಿ.

ಇದ್ರಲ್ಲಿ ಒಂದು ವಿಚಿತ್ರ ನೋಡಿ, 1930ರಲ್ಲೇ ಮೈಸೂರು ಸರ್ಕಾರ ಬೆಂಗಳೂರು ಮೈಸೂರಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು, ಜಗತ್ತಲ್ಲೇ ಸರ್ಕಾರ ತೆರೆದ ಮೊದಲನೇವು ಅಂತಾರೆ. ಅಂಥಾ ರಾಜ್ಯದಲ್ಲಿ ಇವತ್ತಿಗೂ ಈ ಪ್ರಶ್ನೆಗಳು ಮೀಟಿಂಗ್ ಮುಗಿದ್ಮೇಲೆ ಕಿವೀಲಿ ಕೇಳೋ ಪ್ರಶ್ನೆಗಳೇ.

ಹಾಸನದ_ಅಳಿಯ:

ಗಂಡಸು ಒಬ್ಬ ಬರೀತಿದೀನಿ ತಪ್ಪು ತಿಳ್ಕೋಬೇಡಿ. ಮೇಲೆ ತುಂಗಭದ್ರಾ ಅವ್ರು 57.4 ಅಂತ ಹೇಳಿದ್ರಲ್ಲ, ಅದೇ ಸರ್ವೇಲಿ ಕರ್ನಾಟಕದ ಗಂಡಸರ ಆಪರೇಷನ್ ಎಷ್ಟು ಗೊತ್ತಾ, 0.0. ಸೊನ್ನೆ ಪಾಯಿಂಟ್ ಸೊನ್ನೆ. ನಾನು ಎರಡನೇ ಮಗು ಆದ್ಮೇಲೆ ಮಾಡಿಸ್ಕೊಂಡೆ, ಹೆಂಡ್ತಿಗೆ ಎರಡೂ ಸಿಸೇರಿಯನ್, ಮತ್ತೆ ಹೊಟ್ಟೆಗೆ ಕೈ ಹಾಕ್ಸೋದು ಬೇಡ ಅಂತ. ಹೊಲಿಗೆ ಇಲ್ಲ, ಕತ್ತರಿಸೋದು ಇಲ್ಲ ಅನ್ನೋ ಅಷ್ಟು ಸಣ್ಣದು, ಅವತ್ತೇ ಮನೆಗೆ ಬಂದೆ. ನಮ್ಮಮ್ಮ ಒಂದು ತಿಂಗಳು ಮಾತು ಬಿಟ್ರು, ಮಗ ಮೂಟೆ ಎತ್ತೋಕಾಗಲ್ಲ ಇನ್ನು ಅಂತ. ಅಡಿಕೆ ಮೂಟೆ ಈಗ್ಲೂ ಎತ್ತುತ್ತಾ ಇದೀನಿ.

ಭಯಕ್ಕೆ ಕಾರಣ ಇಲ್ದೇ ಇಲ್ಲ. ನಮ್ಮ ತಾತನ ಕಾಲದೋರು ತುರ್ತು ಪರಿಸ್ಥಿತಿ ಕಥೆ ಹೇಳ್ತಿದ್ರು, 1976-77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಮೇಲೆ ಆಪರೇಷನ್ ಮಾಡಿದ್ರು, ಅದ್ರಲ್ಲಿ ಜಾಸ್ತಿ ಗಂಡಸ್ರೇ, ಎಷ್ಟೋ ಜನಕ್ಕೆ ಬಲವಂತ. ಅದಾದ್ಮೇಲೆ ಸರ್ಕಾರಗಳು ಗಂಡಸ್ರ ತಂಟೆಗೆ ಹೋಗಿದ್ದು ಕಡಿಮೆ, ಎಲ್ಲಾ ಭಾರ ಹೆಂಗಸ್ರ ಮೇಲೆ ಬಿತ್ತು. ಅದಕ್ಕೆ ನಿಮ್ಮ ಪುಸ್ತಕದಲ್ಲಿ ಗಂಡನಿಗೆ ಅಂತ ಎರಡು ಪುಟ ಇರ್ಲಿ, ಬೇಕಾದ್ರೆ ಹರಿದು ಕೊಡೋ ಥರ. ಆಪರೇಷನ್ ಆದ ತಕ್ಷಣ ಸೇಫ್ ಅಲ್ಲ, ಮೂರು ತಿಂಗಳು ನಿರೋಧ್ ಬಳಸಿ ಆಮೇಲೆ ವೀರ್ಯ ಪರೀಕ್ಷೆ ಮಾಡಿಸ್ಬೇಕು ಅನ್ನೋದು ದಯವಿಟ್ಟು ಹಾಕಿ. ನಮ್ಮೂರಲ್ಲಿ ಒಬ್ಬ ಅದನ್ನ ಮಾಡ್ದೇ, ಹೆಂಡ್ತಿ ಬಸ್ರಿ ಆದಾಗ ಅವ್ಳ ಮೇಲೇ ಅನುಮಾನ ಪಟ್ಟು ದೊಡ್ಡ ರಂಪ ಆಯ್ತು. ಎರಡು ಸಾಲು ಓದಿದ್ರೆ ಉಳೀತಿತ್ತು.

ಒಕ್ಕೂಟದ_ಲೆಕ್ಕದವಳು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಡಾಕ್ಟ್ರೇ, ಕರಡು ಬದಲಾಯಿಸಿ ಇಲ್ಲೇ ಹಾಕಿದ್ರೆ ಒಂದ್ಸಲ ಓದ್ತೀರಾ? ನಮ್ಮ ಪಿಎಚ್‌ಸಿ ಡಾಕ್ಟ್ರಿಗೂ ತೋರಿಸ್ತೀವಿ. ಸಿಸ್ಟರ್ ಹೇಳಿದ ಪ್ರಶ್ನೆ-ಉತ್ತರ ರೂಪಕ್ಕೆ ತಿರುಗಿಸೋದು ಅಂತ ನಿನ್ನೆನೇ ತೀರ್ಮಾನ ಆಯ್ತು, ಸದಸ್ಯರ ಹತ್ರನೇ ಪ್ರಶ್ನೆ ಚೀಟಿ ಬರೆಸಿ ಡಬ್ಬಿಗೆ ಹಾಕ್ಸೋದು, ಬರೆಯೋಕೆ ಬರದೋರದ್ದು ನಾವೇ ಕೂತು ಕೇಳಿ ಬರ್ಕೊಳೋದು. ಗುಳೆ ಪುಟ ನಮ್ಗೆ ಹೊಳೆದೇ ಇರ್ಲಿಲ್ಲ ಅಣ್ಣಾ, ಇಲ್ಲಿಂದಲೂ ಕಾಫಿ ಸೀಮೆಗೆ ಕೂಲಿಗೆ ಹೋಗ್ತಾರೆ.

ಒಂದು ಇನ್ನೂ ಬಗೆಹರಿದಿಲ್ಲ. ಮನೇಲಿ ಇಟ್ಕೊಳೋದು ಹೆಂಗೆ? ಮುಖಪುಟದ ಮೇಲೆ ಕುಟುಂಬ ಯೋಜನೆ ಅಂತ ಇದ್ರೆ ಸೊಸೆಯಂದಿರು ಮನೆಗೆ ತಗೊಂಡು ಹೋಗಲ್ಲ. ಮುಚ್ಚಿಟ್ಟು ಕೊಟ್ರೆ ನಾವೇನೋ ಕದ್ದು ಮಾಡ್ತಿದೀವಿ ಅಂತಾಗುತ್ತೆ.

ಮಲ್ನಾಡ್_ಸಿಸ್ಟರ್:

ತಾಯಿ ಮಗು ಆರೋಗ್ಯ ಅಂತ ಹೆಸರಿಡಿ, ಮೊದಲ ಪುಟಗಳಲ್ಲಿ ಮಗೂನ ಚುಚ್ಚುಮದ್ದಿನ ಪಟ್ಟಿ, ಯಾವ ತಿಂಗಳಿಗೆ ಏನ್ ತಿನ್ನಿಸೋದು ಇರ್ಲಿ, ಅದು ಸುಳ್ಳಲ್ವಲ್ಲ, ಎರಡು ಮಕ್ಕಳ ಮಧ್ಯೆ ಅಂತರ ಇರೋದೂ ಅದೇ ವಿಷಯ. ಅತ್ತೇರಿಂದ ಮುಚ್ಚಿಡೋಕಿಂತ ಅವ್ರನ್ನೂ ಕರೀರಿ, ಅವ್ರಲ್ಲಿ ಎಷ್ಟೋ ಜನ ಇಪ್ಪತ್ತೈದು ತುಂಬೋ ಮೊದ್ಲೇ ಆಪರೇಷನ್ ಮಾಡಿಸ್ಕೊಂಡೋರು, ಕೇಳಿದ್ರೆ ಅವ್ರೇ ಜಾಸ್ತಿ ಮಾತಾಡ್ತಾರೆ. ಒಪ್ಪದೇ ಇರೋ ಮನೆಗಳೂ ಇರ್ತವೆ, ಅಂಥೋರ ಸೊಸೆ ಪುಸ್ತಕನ ಅಂಗನವಾಡಿಲೇ ಕೂತು ಓದ್ಲಿ, ಮಗೂನ ಕರ್ಕೊಂಡು ಬರೋಕೆ ಹೆಂಗೂ ಬರ್ತಾಳೆ.

ಪುಸ್ತಕದ ಕೊನೇಲಿ ಒಂದು ಫೋನ್ ನಂಬರ್ ಇರ್ಲೇಬೇಕು, ಆರೋಗ್ಯ ಸಹಾಯವಾಣಿ 104 ಹಾಕಿ, ಜೊತೆಗೆ ಪಕ್ಕದೂರಿನ ಸಿಸ್ಟರ್ ಅವ್ರ ನಂಬರ್, ಅವ್ರನ್ನ ಕೇಳಿ ಹಾಕಿ. ನಿಮ್ಮೂರಿನ ಸಿಸ್ಟರ್ ಬೇಡ, ಕಾರಣ ನೀವೇ ಹೇಳಿದೀರಿ.

ತುಂಗಭದ್ರಾ_ದಂಡಿ:

ಛಾಯಾ ದಿನ ಗುರುತು ಹಾಕೂ ಹಾಳಿ ಬ್ಯಾರೆ ಮಾಡಬ್ಯಾಡ್ರಿ ಅಕ್ಕಾರ. ಗ್ವಾಡಿಗೆ ತೂಗಹಾಕೂ ಕ್ಯಾಲೆಂಡರ್ ಮಾಡ್ರಿ, ಅಮಾಸಿ ಹುಣ್ಣಿಮಿ, ಸಂಘದ ಕಂತಿನ ದಿನ, ಸಂತಿ ದಿನ ಎಲ್ಲಾ ಇರಲಿ. ಆಕಿ ತನ್ನ ವಾರಕ್ಕ ಒಂದು ಕುಂಕುಮದ ಬೊಟ್ಟು ಇಟ್ಕೊಂಡ್ರ ಯಾರಿಗೂ ಏನೂ ತಿಳಿಯಂಗಿಲ್ಲ. ಅಚ್ಚು ಹಾಕಸ್ತೀರಂದ್ರ ನಮಗೂ ಒಂದು ಇನ್ನೂರು ಪ್ರತಿ ಬೇಕು, ದುಡ್ಡು ಕೊಡತೀವಿ, ಆದ್ರ ಭಾಷೆ ನಮ್ಮ ಕಡೀದು ಮಾಡ್ಕೊಳ್ಳಾಕ ಫೈಲ್ ಕೊಡಬೇಕು ಮತ್ತ.